ಹೊಟ್ಟೆ ಬೊಜ್ಜು ಇಳಿಸೋಕೆ ಊಟ ಎಷ್ಟು, ವ್ಯಾಯಾಮ ಎಷ್ಟು? ಲೆಕ್ಕ ಸಮೇತ ಬೇಕು

ಮಧ್ಯಾಹ್ನದೂಟ
ಗಂಡಸು, ವಯಸ್ಸು 40, ಎತ್ತರ 170 ಸೆಂ.ಮೀ., ತೂಕ 80 ಕಿಲೋ. ದಿನವಿಡೀ ಕುರ್ಚಿ ಕೆಲಸ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಬಿಪಿ, ಶುಗರ್ ಯಾವುದೂ ಇಲ್ಲ, ಮಾತ್ರೆ ಇಲ್ಲ. ಮೂರು ಪ್ರಶ್ನೆ. ಹೊಟ್ಟೆಯೊಂದನ್ನೇ ಕರಗಿಸುವ ವ್ಯಾಯಾಮ ಯಾವುದು? ಊಟದಲ್ಲಿ ಏನು ಬಿಡಬೇಕು? ಎಷ್ಟು ತಿಂಗಳು ಹಿಡಿಯುತ್ತೆ? "ಜಂಕ್ ಬಿಡಿ, ವಾಕ್ ಮಾಡಿ" ಅನ್ನೋ ಉತ್ತರ ಸಾಕಷ್ಟು ಓದಿಯಾಗಿದೆ, ಅಂಕಿ ಬೇಕು. ಪ್ಯಾಂಟಿನ ಸೈಜು 36.

ಅಳತೆಪಟ್ಟಿ
ಪ್ಯಾಂಟಿನ ಸೈಜು ಲೆಕ್ಕಕ್ಕೆ ಬರಲ್ಲ. ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹಾಗಾಗಿ ಹೊಟ್ಟೆ ಹತ್ತು ಸೆಂ.ಮೀ. ಬೆಳೆದರೂ ಸೈಜು ಅದೇ ಇರುತ್ತೆ. ಕಂಪನಿಗಳೂ 36 ಅಂತ ಬರೆದು 38 ಹೊಲಿಯುತ್ತವೆ. ಬಟ್ಟೆ ಹೊಲಿಯುವವರ ಟೇಪು ತಗೊಳ್ಳಿ.

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಅಂಗಿ ತೆಗೆದು ನಿಂತುಕೊಳ್ಳಿ. ಪಕ್ಕದಲ್ಲಿ ಕೈಯಾಡಿಸಿದರೆ ಕೊನೆಯ ಪಕ್ಕೆಲುಬು ಸಿಗುತ್ತೆ, ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚು. ಇವೆರಡರ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ. ಟೇಪು ಆ ಗುರುತಿನ ಮೇಲೆ, ನೆಲಕ್ಕೆ ಸಮಾನಾಂತರವಾಗಿ ಸುತ್ತಬೇಕು. ಹಿಂದೆ ಬೆನ್ನಲ್ಲಿ ಜಾರಿರುತ್ತೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಚರ್ಮಕ್ಕೆ ತಾಗಿರಲಿ, ಒತ್ತದಿರಲಿ. ಮಾಮೂಲಿಯಂತೆ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆಳೆದು ಓದಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಎರಡು ಸಲ ಅಳೆದು, 1 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಶುರುವಿನಿಂದ ಮಾಡಿ.

ಬಂದ ಅಂಕಿಯನ್ನು ಎತ್ತರದಿಂದ ಭಾಗಿಸಿ. 0.5ರ ಒಳಗೆ ಇರಬೇಕು. 0.5ರಿಂದ 0.6ರ ನಡುವೆ ಇದ್ದರೆ ಅಪಾಯ ಹೆಚ್ಚುತ್ತಿದೆ ಅಂತ ಅರ್ಥ, 0.6 ದಾಟಿದರೆ ಸಾಕಷ್ಟು ಹೆಚ್ಚಿದೆ ಅಂತ. ನಿಮ್ಮ ಎತ್ತರಕ್ಕೆ ಗಡಿ 85 ಸೆಂ.ಮೀ.

ಮಧ್ಯಾಹ್ನದೂಟ
ಅಳೆದೆ. 98. ಅಂದರೆ 0.576.

ಅಳತೆಪಟ್ಟಿ
ಸರಿ. ಇನ್ನೊಂದು ಪರೀಕ್ಷೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ದಪ್ಪಕ್ಕೆ ಕೈಗೆ ಸಿಕ್ಕರೆ ಅದು ಚರ್ಮದಡಿಯ ಕೊಬ್ಬು. ಕೈಗೆ ತೆಳ್ಳಗೆ ಸಿಕ್ಕು, ಹೊಟ್ಟೆ ಮಾತ್ರ ಗಡಿಗೆಯಂತೆ ಗಟ್ಟಿಯಾಗಿ ಮುಂದೆ ಬಂದಿದ್ದರೆ ಕೊಬ್ಬು ಸ್ನಾಯುವಿನ ಗೋಡೆಯ ಹಿಂದೆ, ಕರುಳು-ಯಕೃತ್ತಿನ ಸುತ್ತ ಕೂತಿದೆ. ಅದಕ್ಕೆ ವಿಸರಲ್ ಕೊಬ್ಬು ಅನ್ನುತ್ತಾರೆ. ಶುಗರ್, ಯಕೃತ್ತಿನ ಕೊಬ್ಬು, ಹೃದಯದ ತೊಂದರೆಗಳಿಗೆ ಹೆಚ್ಚು ನಂಟು ಇರೋದು ಇದಕ್ಕೇ. ಆದರೆ ತೂಕ ಇಳಿಯತೊಡಗಿದರೆ ಸಾಮಾನ್ಯವಾಗಿ ಮೊದಲು ಕರಗುವುದೂ ಇದೇ. ಚಿವುಟಿದರೆ ಸಿಗುವ ಕೊಬ್ಬು, ಅದರಲ್ಲೂ ಹೊಕ್ಕುಳ ಕೆಳಗಿನದು, ಕೊನೆಯವರೆಗೂ ಸತಾಯಿಸುತ್ತೆ.

ಬೆಳಿಗ್ಗೆ ಚಪ್ಪಟೆ, ಸಂಜೆ ಡೋಲು ಅನ್ನುವಂತಿದ್ದರೆ ಅದು ಗಾಳಿ, ಕೊಬ್ಬಲ್ಲ. ಒಂದೇ ದಿನದಲ್ಲಿ ಕೊಬ್ಬು ಹಾಗೆ ಹತ್ತಿಳಿಯಲ್ಲ.

ಕಬ್ಬಿಣದಗುಂಡು
ಮೊದಲ ಪ್ರಶ್ನೆಗೆ ಉತ್ತರ: ಅಂಥ ವ್ಯಾಯಾಮ ಇಲ್ಲ. ಕೊಬ್ಬಿನ ಕೋಶ ತನ್ನಲ್ಲಿರುವುದನ್ನು ಕೊಬ್ಬಿನಾಮ್ಲವಾಗಿ ಒಡೆದು ರಕ್ತಕ್ಕೆ ಬಿಡುತ್ತೆ, ಅದು ಇಡೀ ಮೈ ಸುತ್ತುತ್ತೆ, ಬೇಕಾದ ಸ್ನಾಯು ಹೀರಿಕೊಳ್ಳುತ್ತೆ. ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲಿನ ಕೊಬ್ಬೇ ಅದಕ್ಕೆ ಸಿಗಬೇಕೆಂಬ ನಿಯಮವಿಲ್ಲ. ಕೊಬ್ಬು ಮೊದಲು ಎಲ್ಲಿಂದ ಹೊರಡಬೇಕು ಅನ್ನುವುದನ್ನು ಹಾರ್ಮೋನು, ವಂಶ, ಲಿಂಗ ತೀರ್ಮಾನಿಸುತ್ತವೆ. 1971ರಲ್ಲೇ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದಾರೆ. ಆಡುವ ತೋಳು ಸ್ನಾಯುವಿನಿಂದ ದಪ್ಪವಾಗಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡರಲ್ಲೂ ಒಂದೇ. ವರ್ಷಗಟ್ಟಲೆ ಒಂದೇ ಕೈ ಬೀಸಿದವರದ್ದೇ ಹೀಗಾದರೆ, ದಿನಕ್ಕೆ 100 ಕ್ರಂಚಸ್ (ಅಂಗಾತ ಮಲಗಿ ತಲೆ-ಭುಜ ಎತ್ತುವ ವ್ಯಾಯಾಮ) ಹೊಡೆಯುವುದು ನೀರಿನಲ್ಲಿ ಹೋಮ.

ಸಂದೇಹಿ
ಕ್ರಂಚಸ್ ಪೂರ್ತಿ ದಂಡ ಅನ್ನುವುದೂ ತಪ್ಪು. ಹೊಟ್ಟೆಯ ಗೋಡೆ ಗಟ್ಟಿಯಾದರೆ ನಿಲುವು ಸರಿಯಾಗುತ್ತೆ, ಹೊಟ್ಟೆ ಕಾಣುವ ರೀತಿ ಬದಲಾಗುತ್ತೆ.

ಕಬ್ಬಿಣದಗುಂಡು
ಒಪ್ಪಿದೆ, ಆದರೆ ಅದಕ್ಕೂ ಕ್ರಂಚಸ್ ಒಳ್ಳೆಯ ಆಯ್ಕೆಯಲ್ಲ. ದಿನವಿಡೀ ಮುಂದಕ್ಕೆ ಬಾಗಿ ಕೂತ ಬೆನ್ನನ್ನು ಮತ್ತೆ ನೂರು ಸಲ ಬಾಗಿಸುವುದು ಯಾಕೆ? ಬೆನ್ನು ಅಲುಗದಂತೆ ಹಿಡಿದಿಡುವ ವ್ಯಾಯಾಮ ಮಾಡಿ. ಪ್ಲ್ಯಾಂಕ್, ಪಕ್ಕದ ಪ್ಲ್ಯಾಂಕ್, ಡೆಡ್ ಬಗ್. ಪ್ಲ್ಯಾಂಕ್ ಅಂದರೆ ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಎತ್ತಿ ಹಿಡಿಯುವುದು; ಪಕ್ಕದ್ದು ಅಂದರೆ ಪಕ್ಕಕ್ಕೆ ತಿರುಗಿ, ಒಂದೇ ಮೊಣಕೈ ಮೇಲೆ. ಡೆಡ್ ಬಗ್ ಅಂದರೆ ಅಂಗಾತ ಮಲಗಿ ಕೈಗಳನ್ನು ಮೇಲಕ್ಕೆ ಚಾಚಿ, ಮೊಣಕಾಲು ಮಡಚಿ ಎತ್ತಿ, ಒಂದು ಪಕ್ಕದ ಕೈ, ಇನ್ನೊಂದು ಪಕ್ಕದ ಕಾಲನ್ನು ನಿಧಾನವಾಗಿ ನೆಲದ ಹತ್ತಿರ ಇಳಿಸಿ ವಾಪಸ್ ತರುವುದು. ಸೊಂಟದ ಹಿಂಭಾಗ ನೆಲ ಬಿಟ್ಟು ಎದ್ದರೆ ಅಲ್ಲಿಗೆ ಆ ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸುತ್ತು) ಮುಗಿಯಿತು. ಪ್ಲ್ಯಾಂಕಿನಲ್ಲೂ ಅಷ್ಟೇ. ಸೊಂಟ ಜೋತುಬಿದ್ದ ಎರಡು ನಿಮಿಷಕ್ಕಿಂತ ಮೈ ಹಲಗೆಯಂತೆ ಬಿಗಿದ 20 ಸೆಕೆಂಡು ಮೇಲು.

ತಕ್ಕಡಿ
ಊಟದ ಲೆಕ್ಕ ನಾನು ಹೇಳ್ತೀನಿ. ಮೈ ಸುಮ್ಮನಿದ್ದಾಗ ಸುಡುವ ಕ್ಯಾಲರಿ ಲೆಕ್ಕ ಹಾಕುವ ಮಿಫ್ಲಿನ್-ಸೇಂಟ್ ಜ್ಯೋರ್ ಸೂತ್ರ, 1990ರದ್ದು, ಈಗಲೂ ಸಾಕಷ್ಟು ಹತ್ತಿರದ ಅಂದಾಜು ಕೊಡುತ್ತೆ. ಗಂಡಸಿಗೆ: ತೂಕ × 10, ಅದಕ್ಕೆ ಎತ್ತರ × 6.25 ಕೂಡಿಸಿ, ವಯಸ್ಸು × 5 ಕಳೆದು, 5 ಕೂಡಿಸಿ. ಹೆಂಗಸರಿಗೆ ಕೊನೆಯಲ್ಲಿ 5 ಕೂಡಿಸುವ ಬದಲು 161 ಕಳೆಯಬೇಕು.

ನಿಮಗೆ 800 + 1062.5 − 200 + 5 = 1667.5. ಸುಮ್ಮನೆ ಮಲಗಿದ್ದರೂ ಮೈ ಇಷ್ಟು ಕ್ಯಾಲರಿ ಸುಡುತ್ತೆ. ಹಗುರ ಚಟುವಟಿಕೆಗೆ 1.375ರಿಂದ ಗುಣಿಸಿದರೆ 2290. ಅದರಲ್ಲಿ 500 ಕಳೆದು ದಿನಕ್ಕೆ 1800 ತಿನ್ನಿ.

ಸಂದೇಹಿ
ಎಲ್ಲರೂ ಎಡವುವುದು ಈ 1.375ರಲ್ಲೇ. ಅವರೇ ಹೇಳಿದ್ದಾರೆ, ದಿನವಿಡೀ ಕುರ್ಚಿ ಅಂತ. ಕುರ್ಚಿಯವರಿಗೆ 1.2. ಅಂದರೆ 2000. 1800 ತಿಂದರೆ ಕೊರತೆ 200 ಮಾತ್ರ, ಅಷ್ಟನ್ನು ಒಂದು ಸಂಜೆಯ ಬಿಸ್ಕತ್ತು ನುಂಗಿಹಾಕುತ್ತೆ. ಆಮೇಲೆ "ಎಷ್ಟು ಕಮ್ಮಿ ತಿಂದರೂ ಇಳಿಯಲ್ಲ, ನನ್ನ ಮೆಟಬಾಲಿಸಂ ಹಾಳಾಗಿದೆ" ಅಂತ ಬರುತ್ತಾರೆ.

ತಕ್ಕಡಿ
ಸರಿಯಾದ ಆಕ್ಷೇಪಣೆ, ತಿದ್ದಿಕೊಳ್ತೀನಿ. ನಡಿಗೆ, ವ್ಯಾಯಾಮ ಶುರು ಮಾಡಿದ ಮೇಲೂ 1.3 ಅಂತ ಹಿಡಿಯೋಣ, ಸುಮಾರು 2150 ಆಗುತ್ತೆ. ದಿನಕ್ಕೆ 1700 ಇಟ್ಟುಕೊಂಡರೆ ಕೊರತೆ 450. ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7700 ಕ್ಯಾಲರಿ. ವಾರದ ಕೊರತೆ 3150, ಅಂದರೆ ವಾರಕ್ಕೆ 400 ಗ್ರಾಂ. ಮೊದಲ ವಾರದಲ್ಲಿ ಒಂದೂವರೆ ಕಿಲೋ ಇಳಿದರೆ ಹಿಗ್ಗಬೇಡಿ. ಗ್ಲೈಕೋಜನ್, ಅಂದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ, ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತೆ, ಊಟ ಕಮ್ಮಿಯಾದೊಡನೆ ಎರಡೂ ಹೋಗುತ್ತವೆ.

ಸೂತ್ರ ಬರೀ ಅಂದಾಜು. ನಿಜವಾದ ಉತ್ತರ ಕೊಡುವುದು ಮೊದಲ ಮೂರು-ನಾಲ್ಕು ವಾರದ ತಕ್ಕಡಿ. ದಿನಾ ಬೆಳಿಗ್ಗೆ ತೂಗಿ, ದಿನದ ಅಂಕಿ ಮರೆತು ವಾರದ ಸರಾಸರಿ ಮಾತ್ರ ಹೋಲಿಸಿ. ಮೊದಲ ವಾರ ಬಿಟ್ಟು ಮುಂದಿನವುಗಳಲ್ಲಿ ವಾರಕ್ಕೆ 300–600 ಗ್ರಾಂ ಇಳಿದರೆ ಏನನ್ನೂ ಮುಟ್ಟಬೇಡಿ. ಎರಡು ವಾರ ಅಲುಗದಿದ್ದರೆ 150 ಕ್ಯಾಲರಿ ಕಡಿಮೆ ಮಾಡಿ. ವಾರಕ್ಕೆ ಒಂದು ಕಿಲೋಗಿಂತ ಹೆಚ್ಚು ಇಳಿಯುತ್ತಲೇ ಇದ್ದರೆ 200 ಹೆಚ್ಚಿಸಿ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತಿದೆ.

ಮಧ್ಯಾಹ್ನದೂಟ
98ರಿಂದ 85ಕ್ಕೆ ಬರಲು ಎಷ್ಟು ದಿನ?

ಅಳತೆಪಟ್ಟಿ
ಒಂದು ಕಿಲೋಗೆ ಹೆಚ್ಚುಕಮ್ಮಿ ಒಂದು ಸೆಂ.ಮೀ. ಅಂತ ಒರಟು ಲೆಕ್ಕ ಹಾಕಿ. 13 ಸೆಂ.ಮೀ., 13 ಕಿಲೋ. ವಾರಕ್ಕೆ 400 ಗ್ರಾಂ ಅಂದರೆ 32 ವಾರ. ವಾಸ್ತವದಲ್ಲಿ ಹತ್ತು ತಿಂಗಳು ಅಂದುಕೊಳ್ಳಿ. ಯಾಕೆಂದರೆ ಮೈ ಚಿಕ್ಕದಾದಂತೆ ಖರ್ಚೂ ಇಳಿಯುತ್ತೆ. 67 ಕಿಲೋಗೆ ಅದೇ ಸೂತ್ರ ಹಾಕಿ: 1537, 1.3ರಿಂದ ಗುಣಿಸಿದರೆ 2000. ಶುರುವಿನಲ್ಲಿ 450 ಕೊರತೆ ಕೊಟ್ಟ ಅದೇ 1700 ಆಗ 300 ಮಾತ್ರ ಕೊಡುತ್ತೆ. ತಟ್ಟೆ ಬದಲಾಗದೆಯೂ ವೇಗ ಇಳಿಯುವುದಕ್ಕೆ ಕಾರಣ ಇದು. ಪ್ರತಿ 4–5 ಕಿಲೋಗೊಮ್ಮೆ ಲೆಕ್ಕ ಹೊಸದಾಗಿ ಹಾಕಿ.

ತಕ್ಕಡಿ
ಈಗ ತಟ್ಟೆಗೆ ಬರೋಣ. ಮೊದಲು ಪ್ರೋಟೀನ್. ಕೊರತೆಯಲ್ಲಿರುವಾಗ ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಬೇಕು, ನಿಮಗೆ ದಿನಕ್ಕೆ ಸುಮಾರು 100 ಗ್ರಾಂ. ಕಮ್ಮಿಯಾದರೆ ಎರಡು ನಷ್ಟ: ಸ್ನಾಯು ಕರಗುತ್ತೆ, ಹಸಿವು ಬೇಗ ಮರಳುತ್ತೆ. ಹೆಚ್ಚಿನವರ ತಟ್ಟೆಯಲ್ಲಿ 50–60 ಗ್ರಾಂ ದಾಟಿರುವುದಿಲ್ಲ, ಅದೂ ಬಹುಪಾಲು ಧಾನ್ಯದಿಂದ.

ಒಂದು ದಿನದ ಮಾದರಿ, ಎಲ್ಲವೂ ಬೇಯಿಸುವ ಮೊದಲಿನ ತೂಕ. ಬೇಳೆ-ಕಾಳು 90 ಗ್ರಾಂ, 21 ಗ್ರಾಂ ಪ್ರೋಟೀನ್. ಒಣ ಸೋಯಾ ತುಂಡು 50 ಗ್ರಾಂ, 26. ಮೊಟ್ಟೆ ಎರಡು, 12. ಮೊಸರು 300 ಗ್ರಾಂ, 10. ಕೆನೆ ತೆಗೆದ ಹಾಲು ಒಂದು ಲೋಟ, 8. ಅಕ್ಕಿಯೋ ಗೋಧಿಯೋ 150 ಗ್ರಾಂ, 13. ತರಕಾರಿ ಅರ್ಧ ಕಿಲೋ, 8ರ ಆಸುಪಾಸು. ಎಣ್ಣೆ 15 ಗ್ರಾಂ. ಒಟ್ಟು 98 ಗ್ರಾಂ ಪ್ರೋಟೀನ್, 1700 ಕ್ಯಾಲರಿ ಹತ್ತಿರ. ಮಾಂಸ ತಿನ್ನುವವರು ಸೋಯಾ ಬದಲು ಬೇಯಿಸಿದ ಕೋಳಿ ಎದೆಮಾಂಸ 90 ಗ್ರಾಂ ಹಾಕಿಕೊಳ್ಳಬಹುದು. ಹಣ್ಣು ಬೇಕೆಂದರೆ ಹಾಲು ಬಿಡಿ. ಇದನ್ನೇ ತಿನ್ನಬೇಕೆಂದಲ್ಲ, ಪ್ರಮಾಣ ಕಣ್ಣಿಗೆ ಕಟ್ಟಲಿ ಅಂತ ಬರೆದೆ.

ಇಲ್ಲಿ ಆಗುವ ದೊಡ್ಡ ತಪ್ಪು ಹಸಿ ತೂಕ ಮತ್ತು ಬೆಂದ ತೂಕದ ಗೊಂದಲ. 100 ಗ್ರಾಂ ಅಕ್ಕಿ 350 ಕ್ಯಾಲರಿ, ಬೆಂದ ಮೇಲೆ ಅದೇ 280 ಗ್ರಾಂ ಅನ್ನ. ಆ್ಯಪಿನಲ್ಲಿ "ಅಕ್ಕಿ 280 ಗ್ರಾಂ" ಅಂತ ಒತ್ತಿದರೆ 980 ಕ್ಯಾಲರಿ ತೋರಿಸಿ ಗಾಬರಿ ಹುಟ್ಟಿಸುತ್ತೆ. ಒಣ ಸೋಯಾ ತೂಗುವ ಬದಲು ನೆನೆಸಿ ತೂಗಿದರೆ ಉಲ್ಟಾ: 50 ಗ್ರಾಂ ತಿಂದೆ ಅಂದುಕೊಂಡವರು ತಿಂದಿದ್ದು 20 ಗ್ರಾಂ ಕೂಡ ಇರಲ್ಲ.

ಹಗ್ಗಜಿಗಿತ
ಎಣ್ಣೆ 15 ಗ್ರಾಂ ಅಂತ ಬರೆಯುವುದು ಸುಲಭ. ಒಟ್ಟಿಗೆ ಅಡುಗೆಯಾಗುವ ಮನೆಯಲ್ಲಿ ಅದನ್ನು ಅಳೆಯುವುದು ಹೇಗೆ?

ತಕ್ಕಡಿ
ಬಾಟಲಿ ತೂಗಿ. ಭಾನುವಾರ ರಾತ್ರಿ ಎಣ್ಣೆ ಬಾಟಲಿಯ ತೂಕ ಬರೆದಿಡಿ, ಮುಂದಿನ ಭಾನುವಾರ ಮತ್ತೆ. ನಡುವೆ ಹೊಸದು ಸುರಿದಿದ್ದರೆ ಅದನ್ನು ಕೂಡಿಸಿ. ಖರ್ಚಾದದ್ದನ್ನು ಜನ × 7ರಿಂದ ಭಾಗಿಸಿ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ 1.1 ಕಿಲೋ ಹೋಗಿದ್ದರೆ ತಲೆಗೆ ದಿನಕ್ಕೆ 39 ಗ್ರಾಂ, ಅಂದರೆ 350 ಕ್ಯಾಲರಿ. ಇಡೀ ದಿನದ ಧಾನ್ಯದ ಮೂರರಲ್ಲಿ ಎರಡು ಪಾಲಿನಷ್ಟಾಯಿತು, ತಟ್ಟೆಯಲ್ಲಿ ಕಾಣಿಸಲೇ ಇಲ್ಲ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕಿದರೆ ಅರ್ಧ ಕೆಲಸ ಆಯಿತು. ಚಿಕ್ಕ ಚಮಚ 5 ಮಿ.ಲೀ.ಗೆ 40 ಕ್ಯಾಲರಿ, ದೊಡ್ಡ ಚಮಚ 15 ಮಿ.ಲೀ.ಗೆ 120. ಎಣ್ಣೆ ಯಾವುದಾದರೂ ಗ್ರಾಮಿಗೆ 9 ಕ್ಯಾಲರಿಯೇ. "ಆರೋಗ್ಯಕರ ಎಣ್ಣೆ" ಅಂತ ಲೆಕ್ಕ ಬದಲಾಗಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಬಾಬತ್ತು ಲೋಟದಲ್ಲಿದೆ. 100 ಮಿ.ಲೀ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆಯ ಕಾಫಿಗೆ 95 ಕ್ಯಾಲರಿ. ದಿನಕ್ಕೆ ನಾಲ್ಕು ಅಂದರೆ 380. ಹನಿಗೂಡಿದರೆ ಹಳ್ಳ ಅಂತಾರಲ್ಲ, ಇದೇ ಹಳ್ಳ. ನಾಲ್ಕನ್ನು ಎರಡಕ್ಕಿಳಿಸಿ ಸಕ್ಕರೆ ಬಿಟ್ಟರೆ 250 ಉಳಿತಾಯ, ಊಟ ಮುಟ್ಟದೆಯೇ. ಬೀಜಗಳು ಒಳ್ಳೆಯವು, ಆದರೆ ಒಂದು ಹಿಡಿ, 30 ಗ್ರಾಂ, 175 ಕ್ಯಾಲರಿ. ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತಿಂದರೆ ಮೂರು ಹಿಡಿ ಹೋಗಿದ್ದೇ ಗೊತ್ತಾಗಲ್ಲ.

ಮದ್ಯ ಗ್ರಾಮಿಗೆ 7 ಕ್ಯಾಲರಿ. ಅದಕ್ಕಿಂತ ಕೆಟ್ಟದ್ದೇನೆಂದರೆ ದೇಹ ಮದ್ಯವನ್ನು ಮೊದಲು ಸುಡುತ್ತೆ, ಅಲ್ಲಿಯವರೆಗೆ ಕೊಬ್ಬು ಸರದಿಯಲ್ಲಿ ಕಾಯುತ್ತೆ. ಜೊತೆಗೆ ಕರಿದ ತಿಂಡಿ ಬೇರೆ.

ಮಧ್ಯಾಹ್ನದೂಟ
ಬೆಳಿಗ್ಗೆ ಬಿಸಿನೀರಿಗೆ ನಿಂಬೆ-ಜೇನು?

ಸಂದೇಹಿ
ಒಂದು ದೊಡ್ಡ ಚಮಚ ಜೇನು 64 ಕ್ಯಾಲರಿ. ಹೊಟ್ಟೆ ಕರಗಿಸಲು ಸಕ್ಕರೆ ಕುಡಿಯುವುದು. ಬಿಸಿನೀರು ಬರೀ ನೀರು.

ಬೆವರು ಬೆಲ್ಟು ಕೂಡ ಅದೇ ಜಾತಿ. ಕರಗಿದ ಕೊಬ್ಬು ಬೆವರಾಗಿ ಹೋಗುತ್ತೆ ಅನ್ನುವುದೇ ತಪ್ಪು ತಿಳುವಳಿಕೆ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತೆ, ಉಳಿದ 1.6 ಕಿಲೋ ನೀರು. ಹಾಗಂತ ಜೋರಾಗಿ ಉಸಿರಾಡಿದರೆ ಕರಗಲ್ಲ ಮತ್ತೆ! ಬೆಲ್ಟು ಬಿಚ್ಚಿದಾಗ ಸೊಂಟ ಸಣ್ಣ ಕಾಣುವುದು ಒತ್ತಡದಿಂದ, ಎರಡು ಲೋಟ ನೀರಿಗೆ ವಾಪಸ್.

ಹಗ್ಗಜಿಗಿತ
ರಾತ್ರಿ 7ರ ನಂತರ ತಿನ್ನಬಾರದು, 16 ಗಂಟೆ ಉಪವಾಸ, ಅನ್ನ ಬಿಡುವುದು, ಇವುಗಳ ಬಗ್ಗೆ?

ತಕ್ಕಡಿ
ಮೂರೂ ಕೆಲಸ ಮಾಡುವುದು ಒಂದೇ ದಾರಿಯಲ್ಲಿ, ಒಟ್ಟು ಕ್ಯಾಲರಿ ಇಳಿದರೆ ಮಾತ್ರ. ಕ್ಯಾಲರಿ, ಪ್ರೋಟೀನ್ ಸಮ ಇಟ್ಟು ಹೋಲಿಸಿದರೆ ಉಪವಾಸದ ಗುಂಪಿಗೂ ದಿನಕ್ಕೆ ಮೂರು ಸಲ ತಿಂದ ಗುಂಪಿಗೂ ಇಳಿಯುವ ಕೊಬ್ಬಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲ್ಲ. ರಾತ್ರಿ ಟಿವಿ ಮುಂದೆ ಕುರುಕಲು ತಿನ್ನುವವರಿಗೆ 7ರ ಗಡಿ ಉಪಯುಕ್ತ, ಏಕೆಂದರೆ ಹೋಗುವುದು ಆ ಕುರುಕಲು. 16 ಗಂಟೆ ತಡೆದು ಉಳಿದ 8 ಗಂಟೆಯಲ್ಲಿ ಸಾಲ ತೀರಿಸುವಂತೆ ತಿನ್ನುವವರಿಗೆ ಯಾವ ಪ್ರಯೋಜನವೂ ಇಲ್ಲ. ಅನ್ನ ವೈರಿಯಲ್ಲ. ಪ್ರಮಾಣ ವೈರಿ. ಬೇಳೆ, ತರಕಾರಿ ಮೊದಲು ಬಡಿಸಿಕೊಂಡು ಅನ್ನ ಕೊನೆಗೆ ಹಾಕಿಕೊಂಡರೆ ತಾನಾಗಿ ಕಮ್ಮಿಯಾಗುತ್ತೆ.

ನಾರು ದಿನಕ್ಕೆ 25–30 ಗ್ರಾಂ ಇರಲಿ. ಒಂದೇ ವಾರದಲ್ಲಿ 10ರಿಂದ 30ಕ್ಕೆ ಹಾರಿದರೆ ಹೊಟ್ಟೆ ಉಬ್ಬರಿಸಿ, ಟೇಪು ಎರಡು ಸೆಂ.ಮೀ. ಹೆಚ್ಚು ತೋರಿಸಿ, ಕೊಬ್ಬು ಜಾಸ್ತಿಯಾಯಿತೆಂದು ಜನ ಬಿಟ್ಟುಬಿಡುತ್ತಾರೆ. ವಾರಕ್ಕೆ 5 ಗ್ರಾಂ ಏರಿಸಿ, ನೀರೂ ಜಾಸ್ತಿ ಕುಡಿಯಿರಿ.

ಹಗ್ಗಜಿಗಿತ
ನಡಿಗೆಯ ಲೆಕ್ಕ ನನ್ನದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ 80 ಕಿಲೋ ಮೈ ಸುಮಾರು 280 ಕ್ಯಾಲರಿ ಸುಡುತ್ತೆ. ಅದರಲ್ಲಿ 80 ಸುಮ್ಮನೆ ಕೂತಿದ್ದರೂ ಹೋಗುತ್ತಿತ್ತು. ನಿವ್ವಳ 200. ಕೈಗಡಿಯಾರ ಹಲವು ಸಲ ಒಟ್ಟು ಅಂಕಿ ತೋರಿಸುತ್ತೆ, ಅದೂ ಉದಾರವಾಗಿ. ಅದನ್ನು ನಂಬಿ "350 ಸುಟ್ಟೆ, 350 ತಿನ್ನಬಹುದು" ಅಂದರೆ ಕೆಟ್ಟಿರಿ. ವ್ಯಾಯಾಮದ ಕ್ಯಾಲರಿಯನ್ನು ವಾಪಸ್ ತಿನ್ನಬೇಡಿ. 1.3 ಗುಣಿಸುವಾಗಲೇ ಅದು ಸೇರಿಬಿಟ್ಟಿದೆ.

ಹಾಗಾದರೆ ನಡಿಗೆ ಯಾಕೆ? ವಿಸರಲ್ ಕೊಬ್ಬಿನ ಮೇಲೆ ಅದರ ಪರಿಣಾಮ ತಕ್ಕಡಿ ತೋರಿಸುವುದಕ್ಕಿಂತ ಹೆಚ್ಚು. ತೂಕ ಅಷ್ಟೇನೂ ಇಳಿಯದೆಯೂ ಸೊಂಟ ಸಣ್ಣಗಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150–300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75–150 ನಿಮಿಷ ಬಿರುಸಿನ ಶ್ರಮ ಅನ್ನುತ್ತೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮಧ್ಯಮ ಅಂದರೆ ಮಾತಾಡಬಹುದು, ಹಾಡಲಾಗದು. ಹಾಡು ಹೇಳಿಕೊಂಡು ನಡೆಯುವಂತಿದ್ದರೆ ಅದು ವಿಹಾರ. ಬೊಜ್ಜು ಇಳಿಸಲು ಮೇಲಿನ ತುದಿ, 250–300 ನಿಮಿಷ, ಗುರಿಯಾಗಿರಲಿ. ಒಂದೇ ಸಲ ಬೇಡ. ಈಗ ದಿನಕ್ಕೆ 4000 ಹೆಜ್ಜೆಯಿದ್ದರೆ ವಾರಕ್ಕೆ 1000ದಂತೆ 8–9 ಸಾವಿರದವರೆಗೆ ಏರಿಸಿ. ಮೊದಲ ದಿನವೇ 12 ಸಾವಿರ ನಡೆದವರ ಹಿಮ್ಮಡಿ, ಮೊಣಕಾಲಿನ ಮುಂಭಾಗ ಹತ್ತು ದಿನದಲ್ಲಿ ಕೈ ಕೊಡುತ್ತವೆ.

ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ದಿನ ಇನ್ನಷ್ಟು ಒರಗಿ ಕೂರುವುದು ಸಾಮಾನ್ಯ, ಗೊತ್ತಿಲ್ಲದೆಯೇ ಆಗುತ್ತೆ. ಅದಕ್ಕೇ ನಡಿಗೆಯ ನಿಮಿಷಕ್ಕಿಂತ ಇಡೀ ದಿನದ ಹೆಜ್ಜೆ ಎಣಿಸಿ.

ಸಂದೇಹಿ
ಹಿಟ್ ವ್ಯಾಯಾಮ (ಸ್ವಲ್ಪ ಹೊತ್ತು ಪೂರ್ತಿ ಬಿರುಸು, ನಡುನಡುವೆ ಬಿಡುವು), 20 ನಿಮಿಷದಲ್ಲಿ ಮುಗಿಯುತ್ತಲ್ಲ?

ಹಗ್ಗಜಿಗಿತ
ಸಮಯ ಉಳಿಯುತ್ತೆ, ಅಷ್ಟೇ. ಸುಟ್ಟ ಕ್ಯಾಲರಿ ಸಮವಾದರೆ ಕೊಬ್ಬು ಇಳಿಯುವುದೂ ಹೆಚ್ಚುಕಮ್ಮಿ ಸಮ. ಮುಗಿದ ಮೇಲೂ ಗಂಟೆಗಟ್ಟಲೆ ಕೊಬ್ಬು ಸುಡುತ್ತೆ ಅನ್ನುವ ಮಾತು ನಿಜ, ಆದರೆ ಪ್ರಮಾಣ ಒಂದು ಬಾಳೆಹಣ್ಣಿನ ಆಸುಪಾಸು. ಶುರುವಿನ ಎರಡು ತಿಂಗಳು ಬೇಡ.

ಕಬ್ಬಿಣದಗುಂಡು
ಕ್ಯಾಲರಿಯಲ್ಲಿ ಲೆಕ್ಕ ಹಾಕಿದರೆ ತೂಕ ಎತ್ತುವುದು ಬಡ ವ್ಯಾಯಾಮ. ಅದರ ಕೆಲಸ ಬೇರೆ. ಕೊರತೆಯಲ್ಲಿರುವ ಮೈ ಕೊಬ್ಬನ್ನೂ ಒಡೆಯುತ್ತೆ, ಸ್ನಾಯುವನ್ನೂ ಒಡೆಯುತ್ತೆ. ಸ್ನಾಯು ದುಡಿಯುತ್ತಿದ್ದರೆ ಅದನ್ನು ಉಳಿಸಿಕೊಳ್ಳುತ್ತೆ. ಬರೀ ಊಟ ಕಮ್ಮಿ ಮಾಡಿ 13 ಕಿಲೋ ಇಳಿಸಿದರೆ ಅದರಲ್ಲಿ ಮೂರು ಕಿಲೋ ಕೊಬ್ಬಲ್ಲದ ಅಂಗಾಂಶ ಆಗಿರುವುದು ಮಾಮೂಲು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಇರುವ ನಿಮ್ಮಂಥವರಿಗೆ ಆ ಮೂರು ಕಿಲೋ ದುಬಾರಿ. ತೂಕ 67 ಆಗಿ, ಆಕಾರ ಮಾತ್ರ ಹಾಗೇ ಉಳಿದಿರುತ್ತೆ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, 40 ನಿಮಿಷ. ಐದು ಚಲನೆ ಸಾಕು.

ಸ್ಕ್ವಾಟ್: ಹಿಂದೆ ಕುರ್ಚಿ ಇಟ್ಟು, ಕೂರುವಂತೆ ಇಳಿದು, ಕುರ್ಚಿಗೆ ತಾಗಿದೊಡನೆ ಏಳಿ. ಮೊಣಕಾಲು ಒಳಕ್ಕೆ ವಾಲಬಾರದು, ಪಾದದ ಬೆರಳಿನ ದಿಕ್ಕಿಗೇ ಹೋಗಬೇಕು. ಮೊಣಕಾಲು ಬೆರಳು ದಾಟಬಾರದು ಅನ್ನುವ ಹಳೆಯ ಕಟ್ಟಳೆ ಬಿಟ್ಟುಬಿಡಿ, ಹಿಮ್ಮಡಿ ಏಳದಿದ್ದರೆ ಸಾಕು.

ಪುಷ್ ಅಪ್: ನೆಲದ ಮೇಲೆ ಐದೂ ಆಗದಿದ್ದರೆ ಗಟ್ಟಿ ಮೇಜಿನ ಅಂಚಿಗೆ ಕೈಯೂರಿ ಮಾಡಿ. ಮೊಣಕೈ ಮೈಗೆ 45 ಡಿಗ್ರಿಯಲ್ಲಿರಲಿ, ಪೂರ್ತಿ ಹೊರಕ್ಕೆ ಚಾಚಿದರೆ ಭುಜ ಕಿರಿಕಿರಿ ಮಾಡುತ್ತೆ.

ಸೊಂಟ ಮಡಚಿ ತೂಕ ಎತ್ತುವುದು: ಎರಡೂ ಕೈಯಲ್ಲಿ ತೂಕ ಹಿಡಿದು, ಮೊಣಕಾಲು ಸ್ವಲ್ಪ ಸಡಿಲಿಸಿ, ಪೃಷ್ಠವನ್ನು ಹಿಂದಿನ ಗೋಡೆ ಮುಟ್ಟಿಸುವಂತೆ ಹಿಂದಕ್ಕೆ ತಳ್ಳಿ. ತೊಡೆಯ ಹಿಂಭಾಗ ಸೆಳೆದರೆ ಸರಿ, ಸೊಂಟದಲ್ಲಿ ನೋವು ಬಂದರೆ ಬೆನ್ನು ಗೂನಾಗಿದೆ ಅಂತ ಅರ್ಥ.

ರೋ: ಒಂದು ಕೈ ಮೇಜಿಗೆ ಊರಿ, ಇನ್ನೊಂದರಲ್ಲಿ ತೂಕ ಹಿಡಿದು ಮೊಣಕೈಯನ್ನು ಜೇಬಿನ ಕಡೆಗೆ ಎಳೆಯಿರಿ, ಭುಜ ಕಿವಿಯ ಕಡೆ ಏರದಿರಲಿ. ಐದನೆಯದು ಮೊದಲೇ ಹೇಳಿದ ಪ್ಲ್ಯಾಂಕ್ ಅಥವಾ ಡೆಡ್ ಬಗ್.

ಪ್ಲ್ಯಾಂಕ್ ಬಿಟ್ಟು ಉಳಿದವುಗಳಿಗೆ ಮೂರು ಸೆಟ್, 8ರಿಂದ 12 ಸಲ, ನಡುವೆ 90 ಸೆಕೆಂಡು ವಿಶ್ರಾಂತಿ. ಸೆಟ್ ಮುಗಿದಾಗ ಇನ್ನೆರಡು ಸಲ ಆಗುತ್ತಿತ್ತು ಅನ್ನಿಸಬೇಕು. ಇನ್ನೂ ಹತ್ತು ಆಗುತ್ತಿತ್ತು ಅಂದರೆ ತೂಕ ಸಾಲದು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ ಬರೆದಿಟ್ಟು, ಮುಂದಿನ ಸಲ 2 ಕಿಲೋ ಏರಿಸಿ 8ರಿಂದ ಶುರು ಮಾಡಿ. ಡಂಬೆಲ್ ಇಲ್ಲದಿದ್ದರೆ ಬೆನ್ನಿಗೆ ಹಾಕುವ ಚೀಲಕ್ಕೆ ನೀರಿನ ಬಾಟಲಿ ತುಂಬಿ, ಲೀಟರಿಗೆ ಒಂದು ಕಿಲೋ. ಆರು ತಿಂಗಳು ಅದೇ ತೂಕ, ಅದೇ 10 ಸಲ ಮಾಡುವುದು ಎಲ್ಲರೂ ಮಾಡುವ ತಪ್ಪು. ಎತ್ತುವಾಗ ಉಸಿರು ಬಿಡಿ, ಕಟ್ಟಿಹಿಡಿದರೆ ಬಿಪಿ ಏರುತ್ತೆ.

ಬೆಳದಿಂಗಳು
ಹೆರಿಗೆಯಾಗಿ ವರ್ಷ ದಾಟಿದರೂ ಹೊಕ್ಕುಳ ಸುತ್ತ ಉಬ್ಬು ಉಳಿಯುವುದು ಕೊಬ್ಬಿನಿಂದಲೇನಾ? ತೂಕ ಗರ್ಭಕ್ಕೆ ಮುಂಚಿನಷ್ಟಕ್ಕೇ ಬಂದವರಲ್ಲೂ ಕಾಣುತ್ತೆ.

ಗುಂಡಿಗೆಬಡಿತ
ಹಾಗಿದ್ದರೆ ಮೊದಲು ಸ್ನಾಯುವಿನ ಬಿರುಕು ನೋಡಬೇಕು. ಹೊಟ್ಟೆಯ ಎಡ-ಬಲ ಉದ್ದ ಸ್ನಾಯುಗಳ ನಡುವಿನ ಪಟ್ಟಿ ಗರ್ಭಿಣಿಯಾಗಿದ್ದಾಗ ಹಿಗ್ಗಿ ಹಾಗೇ ಉಳಿದಿರುತ್ತೆ. ಅಂಗಾತ ಮಲಗಿ ಮೊಣಕಾಲು ಮಡಚಿ, ತಲೆ ಮತ್ತು ಭುಜವನ್ನು ಸ್ವಲ್ಪವೇ ಎತ್ತಿ. ಹೊಕ್ಕುಳ ಮೇಲೆ, ಕೆಳಗೆ ಬೆರಳನ್ನು ಅಡ್ಡಲಾಗಿಟ್ಟು ಒತ್ತಿ ನೋಡಿ. ಎರಡು ಬೆರಳಿಗಿಂತ ಅಗಲ ಸಂದು ಸಿಕ್ಕರೆ, ಅಥವಾ ನಡುವೆ ಗುಡಾರದಂತೆ ಉಬ್ಬಿದರೆ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಅಂಥವರು ಕ್ರಂಚಸ್, ಪೂರ್ತಿ ಪ್ಲ್ಯಾಂಕ್ ಸದ್ಯಕ್ಕೆ ಮಾಡಬಾರದು. ಹೊಟ್ಟೆ ಉಬ್ಬುವ ಯಾವ ಚಲನೆಯೂ ಬೇಡ. ಉಸಿರು ಬಿಡುತ್ತಾ ಹೊಟ್ಟೆಯ ಒಳಸ್ನಾಯು ಬಿಗಿಯುವುದು, ಮಲಗಿ ಹಿಮ್ಮಡಿ ಜಾರಿಸುವುದು, ಇವುಗಳಿಂದ ಶುರು. ಎದೆಹಾಲು ಕುಡಿಸುತ್ತಿದ್ದರೆ 500ರ ಕೊರತೆಗೆ ಇಳಿಯಬೇಡಿ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತೂಕ ಅಷ್ಟೇ ಇದ್ದರೂ ಕೊಬ್ಬು ತೊಡೆಯಿಂದ ಹೊಟ್ಟೆಗೆ ಜಾಗ ಬದಲಿಸುತ್ತೆ, ಈಸ್ಟ್ರೊಜನ್ ಇಳಿಯುವುದು ಕಾರಣ. ಆಗ ಸ್ನಾಯು ವ್ಯಾಯಾಮ ಇನ್ನಷ್ಟು ಮುಖ್ಯ. ಮುಟ್ಟಾಗುವವರು ತೂಕ ಹೋಲಿಸುವಾಗ ಈ ವಾರಕ್ಕೆ ಹಿಂದಿನ ವಾರವನ್ನಲ್ಲ, ಹಿಂದಿನ ಚಕ್ರದ ಅದೇ ವಾರವನ್ನು ಹೋಲಿಸಿ. ಮುಟ್ಟಿಗೆ ಮುಂಚೆ ಒಂದೆರಡು ಕಿಲೋ ನೀರು ನಿಲ್ಲುವುದು ಸಹಜ.

ವೈದ್ಯರನ್ನು ಕೇಳದೆ ಶುರು ಮಾಡಬಾರದವರು: ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತಗೊಳ್ಳುವವರು, ಏಕೆಂದರೆ ಊಟ ಕಮ್ಮಿಯಾದರೆ ಡೋಸೂ ಬದಲಾಗಬೇಕು. ಹರ್ನಿಯಾ ಇರುವವರು. ಮೂತ್ರಪಿಂಡದ ತೊಂದರೆಯವರು, ಪ್ರೋಟೀನ್ ಪ್ರಮಾಣ ಅವರಿಗೆ ಬೇರೆ. ನಡೆದರೆ ಎದೆ ಬಿಗಿಯುವವರು. ಊಟ ಬದಲಿಸದೆಯೂ ಹೊಟ್ಟೆ ವಾರಗಳಲ್ಲಿ ಉಬ್ಬಿ, ಕಾಲು ಊದಿದರೆ ಅದು ಬೊಜ್ಜಲ್ಲ, ನೀರು ತುಂಬಿರಬಹುದು. ಅಂಥವರು ತಡ ಮಾಡಬಾರದು. ಮತ್ತೆ, ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚು.

ಸಂದೇಹಿ
ಲೈಪೋಸಕ್ಷನ್ (ಕೊಬ್ಬನ್ನು ಸೂಜಿಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಿದರೆ ಈ ಲೆಕ್ಕವೆಲ್ಲ ತಪ್ಪುತ್ತಲ್ಲ?

ಗುಂಡಿಗೆಬಡಿತ
ಅದು ತೆಗೆಯುವುದು ಚಿವುಟಿದರೆ ಸಿಗುವ ಕೊಬ್ಬನ್ನು ಮಾತ್ರ. ಸೂಜಿ ಸ್ನಾಯುವಿನ ಗೋಡೆ ದಾಟುವಂತಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಹತ್ತು ಕಿಲೋ ಕೊಬ್ಬು ಹೀಗೆ ತೆಗೆದರೂ ಇನ್ಸುಲಿನ್ ಕೆಲಸ ಮಾಡುವ ರೀತಿ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಲಿಲ್ಲ.

ನಿದ್ದೆಯ ಬಗ್ಗೆ ಯಾರೂ ಬರೆದಿಲ್ಲ. ಐದು ಗಂಟೆ ಮಲಗುವವರಿಗೆ ಹಸಿವಿನ ಹಾರ್ಮೋನು ಏರುತ್ತೆ, ಮರುದಿನ ಸಿಹಿ, ಕರಿದದ್ದು ಸೆಳೆಯುತ್ತೆ. 1700ಕ್ಕೆ ನಿಲ್ಲುವುದು ಬರೀ ಮನೋಬಲದ ಮಾತಲ್ಲ. ಏಳು ಗಂಟೆ ಮಲಗಿ.

ಮಧ್ಯಾಹ್ನದೂಟ
ಎಲ್ಲರಿಗೂ ಧನ್ಯವಾದ. ಹೀಗೆ ಮಾಡಲೇ: ನಾಳೆಯಿಂದ 1700 ಕ್ಯಾಲರಿ, 9000 ಹೆಜ್ಜೆ, ಸೋಮ-ಬುಧ-ಶುಕ್ರ ತೂಕದ ವ್ಯಾಯಾಮ, ಕಾಫಿ ಬಂದ್, ವಾರಕ್ಕೊಮ್ಮೆ ಟೇಪು.

ತಕ್ಕಡಿ
ನಾಳೆಯಿಂದ ಅಷ್ಟೂ ಬೇಡ ಮಾರಾಯರೇ. ಮೊದಲ ವಾರ ಈಗ ತಿನ್ನುವುದನ್ನೇ ತಿಂದು, ತೂಗಿ ಬರೆದಿಡಿ. 2400 ತಿನ್ನುತ್ತಿದ್ದೀರೋ 2900 ತಿನ್ನುತ್ತಿದ್ದೀರೋ ಗೊತ್ತಿಲ್ಲದೆ ಏನು ಕಡಿತ ಮಾಡುತ್ತೀರಿ? ಎರಡನೇ ವಾರ ಎಣ್ಣೆ, ಸಕ್ಕರೆ ಇಳಿಸಿ ಪ್ರೋಟೀನ್ ಏರಿಸಿ. ಮೂರನೇ ವಾರ ಧಾನ್ಯ 150 ಗ್ರಾಮಿಗೆ. ಕಾಫಿ ಬಂದ್ ಮಾಡಿದರೆ ತಲೆನೋವು ಬಂದು ನಾಲ್ಕನೇ ದಿನ ಎಲ್ಲವನ್ನೂ ಬಿಡ್ತೀರಿ. ಸಕ್ಕರೆ ಇಲ್ಲದ ಎರಡು ಇರಲಿ.

ಕಬ್ಬಿಣದಗುಂಡು
ತೂಕದ ವ್ಯಾಯಾಮ ಈ ಸೋಮವಾರವೇ ಶುರು ಮಾಡಬಹುದು, ಆದರೆ ಮೊದಲ ಎರಡು ವಾರ ಮೂರು ಸೆಟ್ ಬದಲು ಒಂದು. ಮೈಕೈ ನೋವು ಎರಡು ದಿನದಲ್ಲಿ ಇಳಿಯುತ್ತೆ. ಆ ದಿನಗಳಲ್ಲಿ ಸ್ನಾಯು ನೀರು ಹಿಡಿದು ತಕ್ಕಡಿ ಅರ್ಧ ಕಿಲೋ ಏರಿಸಬಹುದು, ಗಾಬರಿ ಬೇಡ.

ಅಳತೆಪಟ್ಟಿ
ಟೇಪು ವಾರಕ್ಕೊಮ್ಮೆ ಬೇಡ, ಹದಿನೈದು ದಿನಕ್ಕೊಮ್ಮೆ. ವಾರಕ್ಕೆ ಆಗುವ ಬದಲಾವಣೆ ಅರ್ಧ ಸೆಂ.ಮೀ., ಟೇಪು ಹಿಡಿಯುವ ಕೈಯ ತಪ್ಪೇ ಒಂದು ಸೆಂ.ಮೀ. ಇರುತ್ತೆ. ಪೆನ್ನಿನ ಗುರುತು ಅಷ್ಟರಲ್ಲಿ ಅಳಿಸಿರುತ್ತೆ, ಆದ್ದರಿಂದ ಹೊಕ್ಕುಳಿಂದ ಗುರುತು ಎಷ್ಟು ಸೆಂ.ಮೀ. ಮೇಲಿದೆ ಅಂತ ಇವತ್ತೇ ಬರೆದಿಡಿ.